ರಾತ್ರಿಯಿಡೀ ಅಲುಗದ ಬಸ್ಸು ಬೆಳಿಗ್ಗೆ ಇಂಜಿನ್ ಹಾಕಿದ ಮೇಲೆ ತಾನಾಗಿ ಸರಿಯುವುದು ಯಾಕೆ?

ಬನವಾಸಿ ರಸ್ತೆ (ಶಿರಸಿ) ಕೇಳಿದ್ದು:

ನಮ್ಮ ಶಾಲೆಯ ಮೂರು ಬಸ್ಸುಗಳ ಉಸ್ತುವಾರಿ ಈ ವರ್ಷ ನನ್ನ ಪಾಲಿಗೆ ಬಂದಿದೆ. ಎರಡು ದೊಡ್ಡವು, ಏರ್ ಬ್ರೇಕಿನವು. ಇನ್ನೊಂದು 20 ಸೀಟಿನ ಮಿನಿ ಬಸ್ಸು, ಆಯಿಲ್ ಬ್ರೇಕಿನದು. ನಿಲ್ಲಿಸುವ ಅಂಗಳ ಕೆಂಪು ಮಣ್ಣಿನದು. ಕಣ್ಣಿಗೆ ಸಪಾಟು ಕಾಣುತ್ತದೆ, ಆದರೆ ಮಳೆ ಬಂದರೆ ನೀರೆಲ್ಲ ಗೇಟಿನ ಕಡೆಗೇ ಹರಿಯುತ್ತದೆ.

ದೊಡ್ಡ ಬಸ್ಸುಗಳಲ್ಲಿ ಒಂದು ರಾತ್ರಿಯಿಡೀ ಕಲ್ಲಿನ ಹಾಗೆ ನಿಂತಿರುತ್ತದೆ. ಬೆಳಿಗ್ಗೆ ಕ್ಲೀನರ್ ಹುಡುಗ ಇಂಜಿನ್ ಚಾಲೂ ಮಾಡಿ, ಏರ್ ತುಂಬಲಿ ಎಂದು ಬಿಟ್ಟು ಕೆಳಗಿಳಿದು ಗಾಜು ಒರೆಸುತ್ತಾನೆ. ನಾಲ್ಕೈದು ನಿಮಿಷದಲ್ಲಿ ಬಸ್ಸು ಗೇಟಿನ ಕಡೆ ಮೆಲ್ಲಗೆ ಸರಿಯಲು ಶುರು. ಎರಡು ಸಲ ಹೀಗಾಗಿದೆ. ಎರಡೂ ಸಲ ಡ್ರೈವರ್ ಹತ್ತಿರವೇ ಇದ್ದುದರಿಂದ ಹತ್ತಿ ನಿಲ್ಲಿಸಿದರು. ಗೇರು ನ್ಯೂಟ್ರಲ್‌ನಲ್ಲೇ ಇತ್ತು. ಓಡಿಸುವಾಗ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಬ್ರೇಕೇ ಕೆಟ್ಟಿದ್ದರೆ ಇಡೀ ರಾತ್ರಿ ಹೇಗೆ ನಿಲ್ಲುತ್ತಿತ್ತು? ಏನು ನೋಡಿಸಬೇಕು? ಮಳೆಗಾಲ ಬರುವುದರೊಳಗೆ ಮೂರೂ ಬಸ್ಸಿಗೆ ಒಂದು ಕ್ರಮ ಗೊತ್ತುಮಾಡಬೇಕು ಅಂತ ಇದೆ.

ಕೋಡಿಬಾಗ ವರ್ಕ್‌ಶಾಪ್ (ಕಾರವಾರ):

ನೀವು ಹೇಳಿದ ಲಕ್ಷಣವೇ ಉತ್ತರ ಹೇಳುತ್ತಿದೆ. ಬ್ರೇಕ್ ಕೆಟ್ಟಿಲ್ಲ. ಹ್ಯಾಂಡ್ ಬ್ರೇಕ್ ಲಿವರ್ ಎಳೆದೇ ಇಲ್ಲ. ರಾತ್ರಿ ಬಸ್ಸನ್ನು ಹಿಡಿದದ್ದು ಡ್ರೈವರ್ ಅಲ್ಲ, ಏರ್ ಸೋರಿಕೆ.

ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ತಲೆಕೆಳಗಾಗಿ ತಿಳಿದವರು ಬಹಳ ಜನ. ಏರ್ ಬ್ರೇಕ್ ಬಸ್ಸಿನಲ್ಲಿ ಕಾಲಿನ ಬ್ರೇಕು ಗಾಳಿಯಿಂದ ಹಿಡಿಯುತ್ತದೆ. ಹ್ಯಾಂಡ್ ಬ್ರೇಕು ಗಾಳಿಯಿಂದ ಬಿಡುತ್ತದೆ, ಹಿಡಿಯುವುದು ಸ್ಪ್ರಿಂಗು. ಹಿಂದಿನ ಆಕ್ಸಲ್‌ನ ಎರಡೂ ಬದಿಗೆ ಜೋಡಿ ಡಬ್ಬಿ ಇರುತ್ತದಲ್ಲ, ಅದರ ಹಿಂಬದಿಯ ಉದ್ದ ಡಬ್ಬಿಯೊಳಗೆ ಒಂದು ಭಾರೀ ಸ್ಪ್ರಿಂಗ್ ಇದೆ. ಅದರ ತಳ್ಳುವ ಬಲ ಅರ್ಧ ಟನ್ನಿನಿಂದ ಒಂದು ಟನ್ನಿನವರೆಗೆ ಇರುತ್ತದೆ. ಲಿವರ್ ಬಿಟ್ಟಾಗ ಟ್ಯಾಂಕಿನ ಗಾಳಿ ಒಳಗೆ ಹೋಗಿ ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ, ಗಾಲಿ ಸ್ವತಂತ್ರವಾಗುತ್ತದೆ. ಲಿವರ್ ಎಳೆದಾಗ ಆ ಗಾಳಿ ಹೊರಗೆ ಹೋಗುತ್ತದೆ (‘ಚುಸ್’ ಎಂಬ ಶಬ್ದ ಅದೇ), ಸ್ಪ್ರಿಂಗ್ ಚಾಚಿ ರಾಡನ್ನು ತಳ್ಳುತ್ತದೆ, ರಾಡು ಸ್ಲ್ಯಾಕ್ ಅಡ್ಜಸ್ಟರನ್ನು (ರಾಡಿಗೂ ಕ್ಯಾಮಿಗೂ ನಡುವಿನ, ಸವೆತಕ್ಕೆ ತಕ್ಕಂತೆ ಬಿಗಿ ಮಾಡುವ ತೋಳು) ತಿರುಗಿಸುತ್ತದೆ, ಕ್ಯಾಮ್ ತಿರುಗಿ ಲೈನರುಗಳನ್ನು (ಉಜ್ಜಿ ಹಿಡಿಯುವ ಪಟ್ಟಿಗಳು) ಗಾಲಿಯ ಡ್ರಮ್ಮಿಗೆ ಒತ್ತುತ್ತದೆ. ಅಲ್ಲಿಂದ ಮುಂದೆ ಗಾಳಿ ಬೇಡ, ಇಂಜಿನ್ ಬೇಡ. ತಿಂಗಳುಗಟ್ಟಲೆ ನಿಂತರೂ ಸ್ಪ್ರಿಂಗ್ ಒತ್ತಿಯೇ ಇರುತ್ತದೆ.

ಈಗ ನಿಮ್ಮ ಬಸ್ಸಿಗೆ ಬನ್ನಿ. ಸಂಜೆ ಡ್ರೈವರ್ ಲಿವರ್ ಎಳೆಯದೆ ಇಳಿದಿದ್ದಾರೆ, ಅಥವಾ ಅರ್ಧ ಎಳೆದಿದ್ದಾರೆ. ಈ ವಾಲ್ವಿನ ಲಿವರನ್ನು ಕೊನೆಯವರೆಗೆ ಎಳೆದು ಅದು ಖಾಚಿನಲ್ಲಿ ಕೂರಬೇಕು. ನಡುವೆ ಕೈಬಿಟ್ಟರೆ ತಾನಾಗಿ ಬಿಟ್ಟ ಸ್ಥಾನಕ್ಕೇ ಹಿಂದೆ ಹೋಗುತ್ತದೆ. ಬಹುಶಃ ಗೇರು ಹಾಕಿ ಇಳಿದಿರುತ್ತಾರೆ, ಅಥವಾ ಆ ಹೊತ್ತಿಗೆ ಗಾಲಿ ಸಣ್ಣ ತಗ್ಗಿನಲ್ಲಿ ಕೂತಿರುತ್ತದೆ. ರಾತ್ರಿ ಎಲ್ಲೋ ಒಂದು ಜಾಯಿಂಟಿನಲ್ಲಿ ಗಾಳಿ ಸೋರಿ ಒತ್ತಡ ಇಳಿಯುತ್ತದೆ. 5 ಕೆಜಿಯ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಎಂಬ ಒತ್ತಡದ ಲೆಕ್ಕ) ಆಸುಪಾಸಿಗೆ ಬಂದಾಗ ಸ್ಪ್ರಿಂಗ್ ಚಾಚಲು ಶುರುವಾಗಿ ಬ್ರೇಕ್ ತಾನಾಗಿ ಹಿಡಿಯುತ್ತದೆ. ಬೆಳಿಗ್ಗೆ ತಳ್ಳಿ ನೋಡಿದರೆ ಅಲುಗುವುದಿಲ್ಲ, ಹ್ಯಾಂಡ್ ಬ್ರೇಕ್ ಹಾಕಿದೆ ಎಂದೇ ಎಲ್ಲರ ಲೆಕ್ಕ. ಹುಡುಗ ಗೇರು ನ್ಯೂಟ್ರಲ್ ಮಾಡಿ ಇಂಜಿನ್ ಹಾಕುತ್ತಾನೆ. ಏರ್ ಮೀಟರಿನ ಮುಳ್ಳು ಮೇಲೇರುತ್ತದೆ, 5 ದಾಟುತ್ತದೆ, ಲಿವರ್ ‘ಬಿಡು’ ಎಂದೇ ಹೇಳುತ್ತಿದೆಯಾದ್ದರಿಂದ ಗಾಳಿ ಸ್ಪ್ರಿಂಗ್ ಡಬ್ಬಿಗೆ ನುಗ್ಗಿ ಬ್ರೇಕ್ ಬಿಡಿಸುತ್ತದೆ. ಸೀಟಿನಲ್ಲಿ ಯಾರೂ ಇಲ್ಲ. ನೀವು ಹೇಳಿದ ನಾಲ್ಕೈದು ನಿಮಿಷ ಅಂದರೆ ಏರ್ ತುಂಬುವ ಸಮಯವೇ.

ಆದ್ದರಿಂದ ಮೊದಲ ನಿಯಮ: ಬಸ್ಸು ಅಲುಗುತ್ತಿಲ್ಲ ಎನ್ನುವುದನ್ನು ನಂಬಬೇಡಿ, ಲಿವರ್ ಎಲ್ಲಿದೆ ನೋಡಿ. ಇಂಜಿನ್ ಕೀಲಿ ತಿರುಗಿಸುವ ಮೊದಲು ಲಿವರನ್ನು ಕೈಯಿಂದ ಮುಟ್ಟಿ ಖಾಚಿನಲ್ಲಿದೆಯೇ ನೋಡಬೇಕು. ಏರ್ ತುಂಬುವಾಗ ಸೀಟಿನಲ್ಲಿ ಲೈಸೆನ್ಸ್ ಇರುವ ಡ್ರೈವರ್ ಕೂತಿರಲೇಬೇಕು. ಕ್ಲೀನರ್ ಹುಡುಗನ ಕೈಗೆ ಕೀಲಿ ಕೊಡುವ ರೂಢಿ ಇವತ್ತೇ ನಿಲ್ಲಿಸಿ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮು ಕೂಡ ಇದನ್ನೇ ಹೇಳುತ್ತದೆ. ಸಾರ್ವಜನಿಕ ಜಾಗದಲ್ಲಿ ವಾಹನ ನಿಂತಿರಬೇಕಾದರೆ ಒಂದೋ ಸೀಟಿನಲ್ಲಿ ಲೈಸೆನ್ಸ್ ಇರುವವರು ಇರಬೇಕು, ಇಲ್ಲವೇ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿ ತಾನಾಗಿ ಚಲಿಸದಂತೆ ಮಾಡಿರಬೇಕು.

ಎರಡನೆಯದು ಸೋರಿಕೆ. ಅದನ್ನು ಅಳೆಯುವುದು ಸುಲಭ. ಗಾಲಿಗೆ ಎರಡೂ ಕಡೆ ಅಡೆ ಕೊಟ್ಟು, ಏರ್ ಪೂರ್ತಿ ತುಂಬಿಸಿ (ಹೆಚ್ಚಿನ ಬಸ್ಸುಗಳಲ್ಲಿ 8 ಕೆಜಿಯ ಸುತ್ತಮುತ್ತ ಗವರ್ನರ್ ಕಟ್ ಆಗುತ್ತದೆ, ಅಂದರೆ ಏರ್ ತುಂಬುವುದು ತಾನಾಗಿ ನಿಲ್ಲುತ್ತದೆ), ಇಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಮುಳ್ಳು ನೋಡಿ. ನಿಮಿಷಕ್ಕೆ 0.15 ಕೆಜಿಗಿಂತ ಹೆಚ್ಚು ಇಳಿಯಬಾರದು. ಕಾಲಿನ ಬ್ರೇಕ್ ಒತ್ತಿ ಹಿಡಿದು ಅಳೆದರೆ 0.2 ಕೆಜಿವರೆಗೆ ಸರಿ. ಹೆಚ್ಚು ಇಳಿದರೆ ಸೋಪಿನ ನೊರೆ ಹಚ್ಚಿ ಜಾಯಿಂಟು, ಪೈಪು ಹುಡುಕಿ. ಹ್ಯಾಂಡ್ ಬ್ರೇಕ್ ಬಿಟ್ಟಾಗ ಮಾತ್ರ ಸುಂಯ್ ಎಂದು ಕೇಳಿ, ಎಳೆದಾಗ ನಿಂತರೆ ಸೋರಿಕೆ ಸ್ಪ್ರಿಂಗ್ ಕಡೆಯ ಲೈನಿನಲ್ಲಿ ಅಥವಾ ಡಬ್ಬಿಯೊಳಗಿನ ಸೀಲಿನಲ್ಲಿದೆ.

ಮೂರನೆಯದು, ಸ್ಪ್ರಿಂಗ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂಬುದು. ಅಡೆ ಕೊಟ್ಟೇ ಇರಲಿ. ಒಬ್ಬರು ಲಿವರ್ ಎಳೆದು ಬಿಡುತ್ತಿರಲಿ, ಇನ್ನೊಬ್ಬರು ಬದಿಯಿಂದ ಬಗ್ಗಿ ಎರಡೂ ರಾಡುಗಳನ್ನು ನೋಡಲಿ. ಎರಡೂ ಒಟ್ಟಿಗೆ, ಸುಮಾರು ಒಂದೇ ಅಳತೆಗೆ ಚಾಚಬೇಕು. ಒಂದು ಬದಿ ಅರೆಬರೆ ಬಂದರೆ ಅಲ್ಲಿ ಸ್ಪ್ರಿಂಗ್ ಮುರಿದಿರಬಹುದು. ನಮ್ಮ ಕರಾವಳಿಯಲ್ಲಿ ಇದು ಹೆಚ್ಚು. ಡಬ್ಬಿಯ ಹಿಂದಿನ ರಬ್ಬರ್ ಮುಚ್ಚಳ ಬಿದ್ದುಹೋದರೆ ಉಪ್ಪುಗಾಳಿ, ಕೆಸರುನೀರು ಒಳಗೆ ಹೋಗಿ ಸ್ಪ್ರಿಂಗ್ ತುಕ್ಕು ತಿನ್ನುತ್ತದೆ. ಹತ್ತು ರೂಪಾಯಿಯ ಮಾಲು ಎಂದು ಆ ಮುಚ್ಚಳ ಹಾಕದೆ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗೆಯೇ ಡಬ್ಬಿಯ ಹಿಂದೆ ಒಂದು ಉದ್ದ ಬೋಲ್ಟು ಮೂರು ಇಂಚಿನಷ್ಟು ಹೊರಚಾಚಿದ್ದರೆ, ಯಾರೋ ರಿಪೇರಿಗಾಗಿ ಸ್ಪ್ರಿಂಗನ್ನು ಎಳೆದು ಕಟ್ಟಿ ಮರೆತಿದ್ದಾರೆ ಎಂದರ್ಥ. ರಸ್ತೆಯಲ್ಲಿ ಏರ್ ಹೋಗಿ ಬಸ್ಸು ಲಾಕ್ ಆದಾಗ ಗಾಡಿ ಎಳೆಯಲು ಅದನ್ನು ಬಳಸುತ್ತಾರೆ. ಆ ಬದಿಗೆ ಹ್ಯಾಂಡ್ ಬ್ರೇಕೇ ಇಲ್ಲ. ಓಡಿಸುವಾಗ ಏನೂ ಗೊತ್ತಾಗುವುದಿಲ್ಲ, ಕಾಲಿನ ಬ್ರೇಕು ಎಂದಿನಂತೆ ಹಿಡಿಯುತ್ತದೆ. ನಿಲ್ಲಿಸಿದಾಗಲೇ ಗೊತ್ತಾಗುವುದು.

ಇನ್ನೊಂದನ್ನು ದಯವಿಟ್ಟು ನಿಮ್ಮವರಿಗೆಲ್ಲ ಹೇಳಿ. ಸ್ಪ್ರಿಂಗ್ ಡಬ್ಬಿಯ ಸುತ್ತಲಿನ ಪಟ್ಟಿಯ ಬೋಲ್ಟನ್ನು ಬಿಚ್ಚಬಾರದು. ಒಳಗಿನ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವರು ಉಳಿಯುವುದಿಲ್ಲ. ಸಂಶಯ ಬಂದರೆ ಪೂರ್ತಿ ಡಬ್ಬಿಯನ್ನೇ ಬದಲಿಸಬೇಕು.

ದೇವಿಮನೆ ತಿರುವು (ಕುಮಟಾ):

ಮೇಲಿನವರು ಹೇಳಿದ್ದಕ್ಕೆ ಸ್ಲ್ಯಾಕ್ ಅಡ್ಜಸ್ಟರಿನ ವಿಷಯ ಸೇರಿಸುತ್ತೇನೆ. ಸ್ಪ್ರಿಂಗ್ ಚಾಚಿದಷ್ಟೂ ಅದರ ಬಲ ಕಡಿಮೆ. ಟೈಪ್ 30 ಎಂಬ ಅಳತೆಯ ಸಾಮಾನ್ಯ ಡಬ್ಬಿಯಲ್ಲಿ ರಾಡು ಪೂರ್ತಿ ಚಾಚಿದರೆ ಎರಡೂವರೆ ಇಂಚು. 2 ಇಂಚು ಮುಟ್ಟಿತೆಂದರೆ ಅಡ್ಜಸ್ಟ್ ಮಾಡುವ ಕಾಲ ಮೀರಿತು. ಲೈನರ್ ಸವೆದು ರಾಡು ಬುಡ ಮುಟ್ಟುವಷ್ಟು ಹೋದರೆ ಲಿವರ್ ಖಾಚಿನಲ್ಲಿ ಕೂತಿರುತ್ತದೆ, ಶಬ್ದವೂ ಬರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ.

ಘಟ್ಟ ಇಳಿದ ಕೂಡಲೇ ಇದು ಇನ್ನೂ ಕೆಡುತ್ತದೆ. ದೇವಿಮನೆಯೋ ಅರಬೈಲೋ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಡ್ರಮ್ ಕಾದು ಹಿಗ್ಗುತ್ತದೆ, ರಾಡು ಇನ್ನಷ್ಟು ದೂರ ಹೋಗಬೇಕಾಗುತ್ತದೆ. ತಣ್ಣಗಿದ್ದಾಗ ಸರಿ ಹಿಡಿಯುತ್ತಿದ್ದ ಹ್ಯಾಂಡ್ ಬ್ರೇಕು ಘಟ್ಟದ ಬುಡದ ಚಹಾ ಅಂಗಡಿ ಎದುರು ಜಾರುವುದು ಇದೇ ಕಾರಣಕ್ಕೆ. ಹಾಗಂತ ಡ್ರಮ್ ಬಿಸಿ ಇರುವಾಗಲೇ ಸ್ಲ್ಯಾಕ್ ಬಿಗಿ ಮಾಡಬೇಡಿ, ತಣಿದ ಮೇಲೆ ಗಾಲಿ ಕಚ್ಚಿಕೊಳ್ಳುತ್ತದೆ.

ನಿಮ್ಮ ‘ಸಪಾಟು’ ಅಂಗಳದ ಲೆಕ್ಕ ನೋಡಿ. ನೂರು ಅಡಿಗೆ ಎರಡು ಅಡಿ ಇಳಿದರೆ 2 ಶೇಕಡಾ ಇಳುಕಲು, ನೀರು ಹರಿಯಲು ಅದು ಧಾರಾಳ ಸಾಕು. 10 ಟನ್ ಬಸ್ಸನ್ನು ಆ ಇಳುಕಲು 200 ಕೆಜಿ ಬಲದಿಂದ ಎಳೆಯುತ್ತದೆ. ಟೈರಿನ ಪ್ರತಿರೋಧ ಗಟ್ಟಿ ನೆಲದಲ್ಲಿ ಸುಮಾರು 100 ಕೆಜಿ ಅಷ್ಟೇ. ಉಳಿದ 100 ಕೆಜಿ ಬಸ್ಸನ್ನು ಓಡಿಸುತ್ತದೆ. 20 ಮೀಟರ್ ಹೋಗುವಷ್ಟರಲ್ಲಿ ವೇಗ ಗಂಟೆಗೆ 7 ಕಿಲೋಮೀಟರ್, ಅಂದರೆ ಬಿರುಸಾಗಿ ನಡೆಯುವವರ ವೇಗ. ನೋಡುವವರಿಗೆ ಕೈಕೊಟ್ಟು ನಿಲ್ಲಿಸಬಹುದು ಅನಿಸುತ್ತದೆ. ಹತ್ತು ಟನ್ ಅದು. ನಾಲ್ಕು ಜನ ಅಡ್ಡ ನಿಂತರೂ ನಿಲ್ಲದು. ಮಕ್ಕಳು ಓಡಾಡುವ ಅಂಗಳ ಬೇರೆ.

ಗೇರಿನ ವಿಷಯ. ಮೂತಿ ಇಳುಕಲಿಗಿದ್ದರೆ ರಿವರ್ಸ್, ಏರಿಗಿದ್ದರೆ ಫಸ್ಟ್. ಆದರೆ ಗೇರನ್ನು ಹ್ಯಾಂಡ್ ಬ್ರೇಕಿನ ಬದಲಿಗೆ ಎಂದೂ ಇಟ್ಟುಕೊಳ್ಳಬೇಡಿ. ನಿಂತ ಇಂಜಿನ್ ಹಿಡಿಯುವುದು ಸಿಲಿಂಡರಿನೊಳಗೆ ಸಿಕ್ಕಿಬಿದ್ದ ಗಾಳಿಯಿಂದ, ಆ ಗಾಳಿ ರಿಂಗು, ವಾಲ್ವುಗಳ ಸಂದಿಯಿಂದ ನಿಧಾನ ಸೋರುತ್ತದೆ. ಆರು ಸಿಲಿಂಡರಿನ ಬಸ್ಸು ಫಸ್ಟ್ ಗೇರಿನಲ್ಲಿ ಒಂದು ಕಂಪ್ರೆಷನ್ ದಾಟಲು ನೆಲದ ಮೇಲೆ ಸುಮಾರು 3 ಸೆಂಟಿಮೀಟರ್ ಸರಿದರೆ ಸಾಕು. ಹಳೇ ಇಂಜಿನ್ ಹೀಗೆ ಒಂದೊಂದೇ ‘ಟಕ್’ ಎಂದು ರಾತ್ರಿಯಿಡೀ ಸರಿಯಬಹುದು. ಸ್ಟಾಪ್ ಗುಂಡಿ ಎಳೆದು ನಿಲ್ಲಿಸುವ ಹಳೇ ಡೀಸೆಲ್ ಗಾಡಿಗಳಲ್ಲಿ ಗುಂಡಿ ಹಿಂದಕ್ಕೆ ತಳ್ಳಿಟ್ಟಿದ್ದರೆ, ಗೇರಿನಲ್ಲಿ ಉರುಳಿ ಇಂಜಿನ್ನೇ ಚಾಲೂ ಆಗುವ ಅಪಾಯವೂ ಉಂಟು.

ನಿಲ್ಲಿಸುವ ಕ್ರಮ ಹೀಗಿರಲಿ: ಕಾಲಿನ ಬ್ರೇಕಿನಿಂದ ಪೂರ್ತಿ ನಿಲ್ಲಿಸಿ, ಗೇರು ನ್ಯೂಟ್ರಲ್, ಲಿವರ್ ಖಾಚಿಗೆ. ಈಗ ಕಾಲು ಮೆಲ್ಲಗೆ ಎತ್ತಿ, ಬಸ್ಸಿನ ಭಾರ ಸ್ಪ್ರಿಂಗಿನ ಮೇಲೆ ಕೂರಲಿ. ಹತ್ತು ಎಣಿಸುವವರೆಗೆ ಅಲುಗದಿದ್ದರೆ ಇಂಜಿನ್ ನಿಲ್ಲಿಸಿ, ಆಮೇಲೆ ಗೇರು ಹಾಕಿ. ಮೊದಲೇ ಗೇರು ಹಾಕಿದರೆ ಹ್ಯಾಂಡ್ ಬ್ರೇಕು ಹಿಡಿದಿದೆಯೋ ಗೇರು ಹಿಡಿದಿದೆಯೋ ಗೊತ್ತೇ ಆಗುವುದಿಲ್ಲ. ಲಿವರ್ ಎಳೆದ ಮೇಲೆ ‘ಇರಲಿ’ ಎಂದು ಕಾಲಿನ ಬ್ರೇಕನ್ನೂ ಜೋರಾಗಿ ಒತ್ತುವುದು ಬೇಡ. ಸ್ಪ್ರಿಂಗಿನ ಬಲ, ಗಾಳಿಯ ಬಲ ಎರಡೂ ಕೂಡಿ ಕ್ಯಾಮು, ಸ್ಲ್ಯಾಕ್ ಮೇಲೆ ಬೀಳುತ್ತದೆ.

ಕೊನೆಗೆ ಸ್ಟೇರಿಂಗು. ಘಟ್ಟದಲ್ಲಿ ನಿಲ್ಲಿಸಿದರೆ ಗಾಲಿ ಧರೆಯ (ರಸ್ತೆ ಬದಿಯ ಗುಡ್ಡದ ಗೋಡೆ) ಕಡೆ ತಿರುಗಿರಲಿ, ಕಣಿವೆಯ ಕಡೆ ಅಲ್ಲ. ಮೂತಿ ಏರಿಗಿದ್ದರೆ ಬಸ್ಸು ಉರುಳುವುದು ಹಿಂದಕ್ಕೆ. ಆಗ ಹಿಂಭಾಗ ಧರೆಗೆ ತಾಗುವಂತೆ ಗಾಲಿ ತಿರುಗಿಸಬೇಕು ಎನ್ನುವುದನ್ನು ತುಂಬ ಜನ ಮರೆಯುತ್ತಾರೆ.

ಬನವಾಸಿ ರಸ್ತೆ (ಶಿರಸಿ):

ಇಬ್ಬರಿಗೂ ಧನ್ಯವಾದ. ಡ್ರೈವರಣ್ಣನನ್ನು ಕೇಳಿದೆ. ‘ರಾತ್ರಿ ಏರ್ ಹೋಗಿ ತಾನೇ ಹಿಡಿಯುತ್ತದಲ್ಲ, ಮತ್ತೆ ಮಳೆಗಾಲದಲ್ಲಿ ಎಳೆದಿಟ್ಟರೆ ಲೈನರ್ ಡ್ರಮ್ಮಿಗೆ ಅಂಟುತ್ತದೆ’ ಎಂದರು. ಅಂದರೆ ಲಿವರ್ ಎಳೆಯದಿರುವುದು ರೂಢಿಯೇ ಆಗಿತ್ತು. ಲೈನರ್ ಅಂಟುವುದು ನಿಜವೇ? ಮಿನಿ ಬಸ್ಸಿನದ್ದೂ ಇದೇ ಲೆಕ್ಕವೇ? ಅದರ ಲಿವರ್ ಈಗ ಪೂರಾ ಮೇಲಕ್ಕೆ ಬರುತ್ತದೆ.

ಕೋಡಿಬಾಗ ವರ್ಕ್‌ಶಾಪ್ (ಕಾರವಾರ):

ಅಂಟುವುದು ನಿಜ. ಒದ್ದೆ ಡ್ರಮ್ಮಿನ ಮೇಲೆ ಲೈನರ್ ಒತ್ತಿ ನಾಲ್ಕಾರು ದಿನ ನಿಂತರೆ ತುಕ್ಕು ಎರಡನ್ನೂ ಬೆಸೆಯುತ್ತದೆ. ಆದರೆ ಅವರ ಉಪಾಯದಲ್ಲಿ ಅರ್ಥವಿಲ್ಲ. ಏರ್ ಸೋರಿದ ಮೇಲೆ ಸ್ಪ್ರಿಂಗ್ ಹೇಗೂ ಒತ್ತುತ್ತದೆ, ಲೈನರ್ ಹೇಗೂ ಅಂಟುತ್ತದೆ. ಲಿವರ್ ಎಳೆಯದೆ ಉಳಿದದ್ದು ಬೆಳಗಿನ ಅಪಾಯ ಮಾತ್ರ. ಒಂದು ರಾತ್ರಿಗೆ ಅಂಟುವುದು ಸ್ವಲ್ಪವೇ, ಹೊರಡುವಾಗ ‘ಟಪ್’ ಎಂದು ಬಿಡುತ್ತದೆ. ರಜೆಯಲ್ಲಿ ವಾರಗಟ್ಟಲೆ ನಿಲ್ಲಿಸುವುದಿದ್ದರೆ ನಿಜವಾದ ಸಪಾಟು ಜಾಗ ನೋಡಿ, ನಾಲ್ಕು ಗಾಲಿಗೆ ಅಡೆ ಕೊಟ್ಟು, ಮೂರು ನಾಲ್ಕು ದಿನಕ್ಕೊಮ್ಮೆ ಡ್ರೈವರ್ ಕೂತು ಏರ್ ತುಂಬಿಸಿ ನಾಲ್ಕು ಮಾರು ಹಿಂದೆ ಮುಂದೆ ಆಡಿಸಲಿ. ಮಳೆಗಾಲದಲ್ಲಿ ಏರ್ ಟ್ಯಾಂಕಿನ ಕೆಳಗಿನ ಡ್ರೇನ್‌ನಿಂದ ನೀರನ್ನು ದಿನವೂ ತೆಗೆಯಿರಿ. ನಮ್ಮಲ್ಲಿಯ ಗಾಳಿಯಲ್ಲಿ ನೀರಿನ ಅಂಶ ಬಹಳ, ಅದು ವಾಲ್ವುಗಳೊಳಗೆ ಹೋದರೆ ಲಿವರ್ ಎಳೆದರೂ ಗಾಳಿ ಬೇಗ ಬಿಡುವುದಿಲ್ಲ.

ಮಿನಿ ಬಸ್ಸಿನದು ಬೇರೆಯೇ. ಅಲ್ಲಿ ಸ್ಪ್ರಿಂಗ್ ಡಬ್ಬಿ ಇಲ್ಲ, ಲಿವರಿನಿಂದ ಹಿಂದಿನ ಗಾಲಿಗೆ ತಂತಿ ಕೇಬಲ್. ಹಾಗಾಗಿ ಅಲ್ಲಿ ತಾನಾಗಿ ಹಿಡಿಯುವ ಮಾತೇ ಇಲ್ಲ, ನೀವು ಎಳೆದಷ್ಟೇ ಹಿಡಿತ. ಸಾಮಾನ್ಯವಾಗಿ ಐದರಿಂದ ಎಂಟು ಹಲ್ಲಿನೊಳಗೆ (ಲಿವರ್ ಎಳೆಯುವಾಗ ಕೇಳುವ ಒಂದೊಂದು ‘ಕಟ್’ ಒಂದೊಂದು ಹಲ್ಲು) ಗಟ್ಟಿಯಾಗಬೇಕು, ನಿಮ್ಮ ಗಾಡಿಯ ಪುಸ್ತಕದಲ್ಲಿ ಸರಿಯಾದ ಸಂಖ್ಯೆ ಇರುತ್ತದೆ. ಪೂರಾ ಮೇಲಕ್ಕೆ ಬರುತ್ತಿದೆ ಎಂದರೆ ಮೊದಲು ಹಿಂದಿನ ಲೈನರ್ ಅಡ್ಜಸ್ಟ್ ಮಾಡಿಸಿ, ಆಮೇಲೆ ಕೇಬಲ್. ಕೇಬಲನ್ನೇ ಮೊದಲು ಎಳೆದು ಬಿಗಿ ಮಾಡಿದರೆ ಹಲ್ಲಿನ ಲೆಕ್ಕ ಸರಿಯಾಗುತ್ತದೆ, ಒಳಗಿನ ಸವೆತ ಹಾಗೆಯೇ ಇರುತ್ತದೆ. ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರ್ ಸೋರಿ ಲೈನರ್ ಒದ್ದೆಯಾಗಿದೆಯೇ ನೋಡಲಿ. ಎಣ್ಣೆ ಕುಡಿದ ಲೈನರ್ ಕಾಲಿನ ಬ್ರೇಕಿಗೂ ಹಿಡಿಯದು, ಕೇಬಲಿಗೂ ಹಿಡಿಯದು. ಕೇಬಲಿನ ಹೊರಕವಚ ಬಿರಿದಿದ್ದರೆ ಒಳಗೆ ತುಕ್ಕು ತುಂಬಿರುತ್ತದೆ, ಗ್ರೀಸ್ ಹಾಕಿ ಪ್ರಯೋಜನವಿಲ್ಲ, ಹೊಸದು ಹಾಕಿ. ಈ ಗಾಡಿಯಲ್ಲಿ ಮಾತ್ರ ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡೇ ಲಿವರ್ ಎಳೆಯಬೇಕು. ಲೈನರ್ ಆಗಲೇ ಡ್ರಮ್ಮಿಗೆ ಒತ್ತಿರುವುದರಿಂದ ಕೇಬಲ್ ಒಂದೆರಡು ಹಲ್ಲು ಹೆಚ್ಚು ಬಿಗಿಯಾಗುತ್ತದೆ.

ಅಂಕೋಲಾ ಟೈರ್:

ಅಡೆಯ ಬಗ್ಗೆ ಯಾರೂ ವಿವರ ಹೇಳಲಿಲ್ಲ. ನಮ್ಮ ಕಡೆ ಕೈಗೆ ಸಿಗುವುದು ಚಿರೆಕಲ್ಲಿನ ತುಂಡು. ದಯವಿಟ್ಟು ಅದನ್ನು ಬಳಸಬೇಡಿ. ಮಳೆ ಕುಡಿದ ಚಿರೆಕಲ್ಲು ಬಸ್ಸಿನ ಭಾರಕ್ಕೆ ಪುಡಿಯಾಗುತ್ತದೆ. ಹೊಳೆಯ ಉರುಟು ಕಲ್ಲು ಗಾಲಿಯ ಜೊತೆಗೇ ಉರುಳುತ್ತದೆ. ಮತ್ತಿ ಅಥವಾ ನಂದಿ ಮರದ ತುಂಡನ್ನು ಓರೆಯಾಗಿ ಕೊಯ್ಸಿ. ದೊಡ್ಡ ಬಸ್ಸಿಗೆ 20 ಸೆಂಟಿಮೀಟರ್ ಎತ್ತರ, ಜೋಡಿ ಗಾಲಿಯ ಒಂದು ಟೈರನ್ನಾದರೂ ಪೂರ್ತಿ ತಡೆಯುವಷ್ಟು ಅಗಲ. ಬಸ್ಸಿಗೆ ನಾಲ್ಕು ತುಂಡು. ಎರಡೆರಡನ್ನು ಹಗ್ಗದಿಂದ ಕಟ್ಟಿ, ಹಗ್ಗದ ತುದಿ ಡ್ರೈವರ್ ಬಾಗಿಲಿನ ಹಿಡಿಗೆ ಬರುವಷ್ಟು ಉದ್ದ ಇರಲಿ. ಹಗ್ಗ ಬಿಚ್ಚದೆ ಹತ್ತಲು ಆಗುವುದಿಲ್ಲ, ಅಡೆ ಮರೆಯುವ ಪ್ರಶ್ನೆಯೇ ಇಲ್ಲ. ಕೊಡುವುದು ಹಿಂದಿನ ಗಾಲಿಗೆ, ಇಳುಕಲಿನ ಬದಿಗೆ, ಟೈರಿಗೆ ತಾಗಿಸಿ. ನಾಲ್ಕು ಬೆರಳು ಜಾಗ ಬಿಟ್ಟರೆ ಬಸ್ಸು ಅಷ್ಟು ಓಡಿ ಬಂದು ಹತ್ತಿಬಿಡಬಹುದು. ಕೆಸರಿದ್ದರೆ ಅಡೆಯ ಕೆಳಗಿನ ಮಣ್ಣು ಕೆರೆದು ಗಟ್ಟಿ ನೆಲಕ್ಕೆ ಕೂರಿಸಿ. ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಗದ್ದೆ, ಹುಲ್ಲುಬ್ಯಾಣಗಳಲ್ಲಿ ಬಸ್ಸು ನಿಲ್ಲಿಸುವವರೂ ಇದನ್ನು ನೆನಪಿಡಬೇಕು. ಹುಲ್ಲಿನ ಮೇಲೆ ಗಾಲಿ ಲಾಕ್ ಆಗಿದ್ದರೂ ಬಸ್ಸು ಹಾಗೆಯೇ ಜಾರುತ್ತದೆ.

ಪಂಕ್ಚರ್ ಆದಾಗಿನ ಮಾತು ಇನ್ನೂ ಮುಖ್ಯ. ಹ್ಯಾಂಡ್ ಬ್ರೇಕ್ ಇರುವುದು ಹಿಂದಿನ ಆಕ್ಸಲಿಗೆ. ಹಿಂದಿನ ಒಂದು ಬದಿಗೆ ಜ್ಯಾಕ್ ಕೊಟ್ಟು ಎತ್ತಿದಿರೋ, ಆ ಬದಿಯ ಹಿಡಿತ ಹೋಯಿತು, ಉಳಿದದ್ದು ಅರ್ಧ. ಗೇರಿನ ಹಿಡಿತವಂತೂ ಪೂರ್ತಿ ಹೋಗುತ್ತದೆ. ಎತ್ತಿದ ಗಾಲಿ ಡಿಫರೆನ್ಷಿಯಲ್ (ಹಿಂದಿನ ಎರಡು ಬದಿಯ ಗಾಲಿಗಳಿಗೆ ಬಲ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆ) ಮೂಲಕ ಉಲ್ಟಾ ತಿರುಗಿ ಇನ್ನೊಂದು ಗಾಲಿಗೆ ದಾರಿ ಬಿಟ್ಟುಕೊಡುತ್ತದೆ. ಹ್ಯಾಂಡ್ ಬ್ರೇಕು ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ದಂಡ) ಮೇಲಿರುವ ಕೆಲವು ಹಳೇ ಗಾಡಿಗಳಲ್ಲಿ ಅದೂ ಹೀಗೆಯೇ ಸೊನ್ನೆಯಾಗುತ್ತದೆ. ಆದ್ದರಿಂದ ಜ್ಯಾಕ್ ಮುಟ್ಟುವ ಮೊದಲು ಮುಂದಿನ ಎರಡೂ ಗಾಲಿಗೆ, ಎರಡೂ ಬದಿಗೆ ಅಡೆ. ಪ್ರಯಾಣಿಕರು ಕೆಳಗಿಳಿದು ಧರೆಯ ಬದಿಗೆ ದೂರ ನಿಲ್ಲಲಿ. ನಟ್ಟುಗಳನ್ನು ಗಾಲಿ ನೆಲದಲ್ಲಿರುವಾಗಲೇ ಸಡಿಲಿಸಿ, ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಬಸ್ಸು ಜ್ಯಾಕಿನಿಂದ ಜಾರಬಹುದು.

ಉರುಳಲು ಶುರುವಾದ ಬಸ್ಸಿನ ಗಾಲಿಗೆ ಕಲ್ಲು ಒಡ್ಡಲು ಯಾರೂ ಓಡಬಾರದು. ಕೂಗಿ ಎದುರಿನವರನ್ನು ಸರಿಸಿ, ಅಷ್ಟೇ. ಸೀಟಿನಲ್ಲಿ ಯಾರಾದರೂ ಇದ್ದರೆ ಲಿವರ್ ಪೂರ್ತಿ ಎಳೆದು, ಸ್ಟೇರಿಂಗ್ ಧರೆಗೆ ತಿರುಗಿಸಲಿ. ಇಂಜಿನ್ ನಿಂತಿದ್ದರೆ ಸ್ಟೇರಿಂಗ್ ತುಂಬ ಭಾರ, ಎರಡೂ ಕೈ ಬೇಕು. ಟ್ಯಾಂಕಿನಲ್ಲಿ ಏರ್ ಇದ್ದಷ್ಟು ಹೊತ್ತು ಕಾಲಿನ ಬ್ರೇಕೂ ಹಿಡಿಯುತ್ತದೆ.

ಬನವಾಸಿ ರಸ್ತೆ (ಶಿರಸಿ):

ಇವತ್ತು ಲಿವರ್ ಬಿಟ್ಟು ಮುಳ್ಳು ನೋಡಿದೆವು, ನಿಮಿಷಕ್ಕೆ ಅರ್ಧ ಕೆಜಿ ಇಳಿಯಿತು. ಸೋಪುನೊರೆಯಲ್ಲಿ ಬಲಗಡೆಯ ಸ್ಪ್ರಿಂಗ್ ಡಬ್ಬಿಗೆ ಹೋಗುವ ಪೈಪಿನ ಜಾಯಿಂಟು ಗುಳ್ಳೆ ಬಿಟ್ಟಿತು. ಎರಡೂ ರಾಡು ಸರಿ ಚಾಚುತ್ತವೆ. ಆ ಡಬ್ಬಿಯ ರಬ್ಬರ್ ಮುಚ್ಚಳ ಮಾತ್ರ ಇರಲಿಲ್ಲ. ಪೈಪು, ಮುಚ್ಚಳ ನಾಳೆ ಬರುತ್ತವೆ. ಮರದ ಅಡೆ ಹನ್ನೆರಡು ಕೊಯ್ಯಲು ಕೊಟ್ಟಾಯಿತು, ಕೀಲಿಗಳು ಈಗ ಆಫೀಸಿನ ಕಪಾಟಿನಲ್ಲಿವೆ.

ಕೋಡಿಬಾಗ ವರ್ಕ್‌ಶಾಪ್ (ಕಾರವಾರ):

ಒಳ್ಳೆಯದಾಯಿತು. ಮುಚ್ಚಳ ಇಲ್ಲದೆ ಎಷ್ಟು ಮಳೆಗಾಲ ಕಳೆದಿದೆಯೋ ಗೊತ್ತಿಲ್ಲ, ಹಾಗಾಗಿ ಆ ಬಲಗಡೆಯ ಡಬ್ಬಿಯ ರಾಡನ್ನು ತಿಂಗಳಿಗೊಮ್ಮೆ ಎಡಗಡೆಯದರ ಜೊತೆ ಹೋಲಿಸಿ ಅಳೆದು ಬರೆದಿಡಿ. ವ್ಯತ್ಯಾಸ ಕಂಡ ದಿನವೇ ಡಬ್ಬಿ ಬದಲಿಸಿ.